ಲೀಸಿನ ಹಣ, ಬ್ಯಾಂಕಿನ ಬಾಂಡ್, ಬೆಸ್ಕಾಂ ಡೆಪಾಸಿಟ್: ಎಲ್ಲವೂ ಒಂದೇ ಠೇವಣಿಯೇ?

ಪ್ರಶ್ನೆ: ನಾವು ರಾಜಾಜಿನಗರದಲ್ಲಿ 15 ಲಕ್ಷ ರೂಪಾಯಿ ಕೊಟ್ಟು ಲೀಸಿನ ಮನೆಯಲ್ಲಿದ್ದೇವೆ. ಮೂರು ವರ್ಷದ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ‘ಬೇರೆಯವರು ಬಂದು ದುಡ್ಡು ಕೊಟ್ಟ ಮೇಲೆ ನಿಮ್ಮದನ್ನು ಕೊಡುತ್ತೇನೆ’ ಎಂದು ಓನರ್ ಹೇಳುತ್ತಿದ್ದಾರೆ. ನಮ್ಮ ಯಜಮಾನರ ನಿವೃತ್ತಿ ಹಣದಲ್ಲಿ 7 ಲಕ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ, 4 ಲಕ್ಷ ಹತ್ತಿರದ ಸೊಸೈಟಿಯಲ್ಲಿ ಇದೆ. ಒಡವೆ ಅಂಗಡಿಯ ಮಾಸಿಕ ಸ್ಕೀಮಿಗೂ ಹಣ ಕಟ್ಟುತ್ತಿದ್ದೇನೆ. ಈ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಹೆಚ್ಚುವರಿ ಡೆಪಾಸಿಟ್ ಕೇಳಿದ್ದಾರೆ. ಲೀಸಿನ ಹಣ ಬಂದರೆ ಫ್ಲ್ಯಾಟ್ ಬುಕ್ ಮಾಡುವ ಯೋಚನೆ ಇದೆ. ಬಿಲ್ಡರ್ ಶೇ 20ರಷ್ಟು ಮೊದಲೇ ಕಟ್ಟಿ ಎನ್ನುತ್ತಾರೆ. ಇದರ ಜೊತೆಗೆ ತೀರಿಹೋದ ನಮ್ಮ ಅತ್ತೆಯವರ ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಾಸ್‌ಬುಕ್ ಒಂದು ಸಿಕ್ಕಿದೆ. ಎಲ್ಲವನ್ನೂ ಡೆಪಾಸಿಟ್ ಎಂದೇ ಕರೆಯುತ್ತಾರೆ. ಎಲ್ಲದಕ್ಕೂ ಒಂದೇ ರೀತಿಯ ಭದ್ರತೆ ಇದೆಯೇ?

ಉತ್ತರ: ಇಲ್ಲ. ನೀವು ಬರೆದಿರುವ ಪಟ್ಟಿಯಲ್ಲಿ ಒಂದಕ್ಕಿದ್ದ ಭದ್ರತೆ ಇನ್ನೊಂದಕ್ಕಿಲ್ಲ. ಎಲ್ಲಕ್ಕಿಂತ ದೊಡ್ಡ ಮೊತ್ತವನ್ನು ಎಲ್ಲಕ್ಕಿಂತ ಕಡಿಮೆ ರಕ್ಷಣೆ ಇರುವ ಕಡೆ ಇಟ್ಟಿದ್ದೀರಿ. ಬೆಂಗಳೂರಿನ ಮಧ್ಯಮ ವರ್ಗದ ಬಹಳಷ್ಟು ಮನೆಗಳ ಸ್ಥಿತಿ ಇದೇ. ಸೊಸೈಟಿಯಲ್ಲಿ 50 ಸಾವಿರ ಇಡುವಾಗ ನಾಲ್ಕು ಜನರನ್ನು ವಿಚಾರಿಸುವವರೇ, ಮನೆ ಇಷ್ಟವಾದ ಸಂಭ್ರಮದಲ್ಲಿ 15 ಲಕ್ಷವನ್ನು ಒಂದು ಛಾಪಾ ಕಾಗದದ ನಂಬಿಕೆಯ ಮೇಲೆ ಕೊಟ್ಟುಬಿಡುತ್ತಾರೆ. ಹಾಗಾಗಿ ಲೀಸಿನ ವಿಷಯಕ್ಕೆ ಈ ಉತ್ತರದಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಒಂದು ಮೂಲ ಸಂಗತಿ. ಠೇವಣಿ ಇಟ್ಟ ಹಣ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ನಮ್ಮ ಹೆಸರು ಬರೆಸಿಕೊಂಡು ಕುಳಿತಿರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿರುವುದು ಲಾಕರಿನಲ್ಲಿ ಇಟ್ಟ ಒಡವೆ ಮಾತ್ರ. ಕೌಟಿಲ್ಯನ ಅರ್ಥಶಾಸ್ತ್ರವು ಹೀಗೆ ಮುದ್ರೆ ಹಾಕಿ ಇಡಲು ಕೊಟ್ಟ ವಸ್ತುವನ್ನು ಉಪನಿಧಿ ಎನ್ನುತ್ತದೆ. ಇಟ್ಟುಕೊಂಡವನು ಅದನ್ನು ತಾನೇ ಬಳಸಿದರೆ ದಂಡ ತೆರಬೇಕು ಎಂದೂ ಹೇಳುತ್ತದೆ. ಹಣದ ಠೇವಣಿ ಇದಕ್ಕೆ ಪೂರ್ತಿ ವಿರುದ್ಧ. ಇಂಗ್ಲೆಂಡಿನ ನ್ಯಾಯಾಲಯದಲ್ಲಿ 1848ರಲ್ಲಿ ತೀರ್ಮಾನವಾದ ಫೋಲಿ ಮತ್ತು ಹಿಲ್ ಮೊಕದ್ದಮೆಯಿಂದ ಹಿಡಿದು ಇಂದಿನವರೆಗೂ ಕಾನೂನಿನ ನಿಲುವು ಒಂದೇ: ಬ್ಯಾಂಕಿಗೆ ಕಟ್ಟಿದ ಹಣ ಬ್ಯಾಂಕಿನದಾಗುತ್ತದೆ, ನಿಮ್ಮ ಬಳಿ ಉಳಿಯುವುದು ಅಷ್ಟು ಮೊತ್ತವನ್ನು ವಾಪಸು ಕೇಳುವ ಹಕ್ಕು. ಅಂದರೆ ಠೇವಣಿ ಇಟ್ಟ ಕ್ಷಣದಿಂದ ನೀವು ಸಾಲ ಕೊಟ್ಟವರು, ತೆಗೆದುಕೊಂಡವರು ಸಾಲಗಾರರು. ಬ್ಯಾಂಕಿಗೆ ಅನ್ವಯಿಸುವ ಈ ಮಾತು ಮನೆಯ ಓನರಿಗೂ ಅನ್ವಯಿಸುತ್ತದೆ. ನಿಮ್ಮ 15 ಲಕ್ಷ ಅವರ ಮಗಳ ಮದುವೆಗೋ, ಮೇಲಿನ ಮಹಡಿ ಕಟ್ಟುವುದಕ್ಕೋ ಖರ್ಚಾಗಿಹೋಗಿರಬಹುದು. ಖರ್ಚು ಮಾಡಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಆದ್ದರಿಂದ ಪ್ರತಿಯೊಂದು ಠೇವಣಿಯ ಮುಂದೆಯೂ ಕೇಳಬೇಕಾದದ್ದು, ಸಾಲಗಾರ ಯಾರು, ಅವನು ಕೊಡಲಾಗದೆ ಕೈಚೆಲ್ಲಿದರೆ ಆ ಹಣಕ್ಕೆ ಬೇರೆ ಯಾರಾದರೂ ಹೊಣೆಯೇ ಎಂಬುದು.

ಈಗ ಲೀಸಿಗೆ ಬರೋಣ. ನಮ್ಮ ಊರಿನಲ್ಲಿ ಲೀಸ್, ಭೋಗ್ಯ ಎಂಬ ಎರಡು ಮಾತನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಒಟ್ಟು ಮೊತ್ತ ಕೊಡುವುದು, ಬಾಡಿಗೆ ಕೊಡದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದು. ಹಣದ ಬಡ್ಡಿಯೇ ಬಾಡಿಗೆ. ಕಾನೂನಿನಲ್ಲಿ ಇವೆರಡೂ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಭೋಗ್ಯವನ್ನು ಅಡಮಾನದ ಒಂದು ಬಗೆ ಎಂದು ಗುರುತಿಸಿದೆ. ಅದರಲ್ಲಿ ಹಣ ಕೊಟ್ಟವರಿಗೆ ಮನೆಯ ಸ್ವಾಧೀನ ಸಿಗುತ್ತದೆ. ತಮ್ಮ ಹಣ ಕೈಸೇರುವವರೆಗೆ ಆ ಸ್ವಾಧೀನವನ್ನು ಬಿಡದಿರುವ ಹಕ್ಕು ಕಾನೂನಿನಿಂದಲೇ ಬರುತ್ತದೆ. ಆದರೆ ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಪತ್ರ ಬೇಕೇ ಬೇಕು. ಮುದ್ರಾಂಕ ಶುಲ್ಕ ಉಳಿಯಲಿ ಎಂದು ಬಹುತೇಕರು ಆ ಕೆಲಸ ಮಾಡುವುದಿಲ್ಲ. ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿರುವ ಒಂದು ನಮೂನೆಯಲ್ಲಿ ಹೆಸರು, ಮೊತ್ತ ತುಂಬಿಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ.

ನಿಮ್ಮ ಕರಾರು ಮೂರು ವರ್ಷದ್ದು. ಒಂದು ವರ್ಷ ಮೀರಿದ ಲೀಸ್ ಅಥವಾ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಊರಿನ ತುಂಬ 11 ತಿಂಗಳ ಬಾಡಿಗೆ ಕರಾರುಗಳು ಓಡಾಡುವುದು ಇದೇ ಕಾರಣಕ್ಕೆ. ನಿಮ್ಮ ಪತ್ರ ನೋಂದಣಿಯಾಗಿಲ್ಲದಿದ್ದರೆ, ಮೂರು ವರ್ಷ ಎಂದು ಅದರಲ್ಲಿ ಬರೆದಿದ್ದರೂ ಮನೆಯಲ್ಲಿ ಉಳಿಯುವ ಹಕ್ಕಿನ ಮಟ್ಟಿಗೆ ಅದರ ಬಲ ತೀರ ಕಡಿಮೆ. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಇನ್ನೊಂದು ತೊಡಕು: ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕೇಳಬಹುದು. ಹೀಗೆಂದು ಗಾಬರಿಯಾಗಬೇಡಿ. ಹಣ ಕೊಟ್ಟಿದ್ದೀರಿ ಎಂಬುದನ್ನು ಸಾಬೀತು ಮಾಡುವ ದಾರಿಗಳು ಬೇರೆಯೂ ಇವೆ, ಅವುಗಳಲ್ಲಿ ಗಟ್ಟಿಯಾದದ್ದು ಬ್ಯಾಂಕಿನ ಮೂಲಕ ಹಣ ಹೋದ ದಾಖಲೆ. ಆ ದಿನದ ಸ್ಟೇಟ್‌ಮೆಂಟನ್ನು ಬ್ಯಾಂಕಿನ ಮುದ್ರೆಯೊಂದಿಗೆ ಇಂದೇ ತೆಗೆಸಿಕೊಳ್ಳಿ. ನಗದಾಗಿ ಕೊಟ್ಟಿದ್ದರೆ ಕೆಲಸ ಕಷ್ಟ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಗಳನ್ನು ನಗದಿನಲ್ಲಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ಅಡ್ಡಿಯೂ ಇದೆ.

ಇದಕ್ಕಿಂತ ಆಳವಾದ ಅಪಾಯ ಮತ್ತೊಂದಿದೆ. ಅದೇ ಮನೆಯ ಮೇಲೆ ನಿಮಗಿಂತ ಮೊದಲೇ ಇನ್ನೊಂದು ಠೇವಣಿ ಆಗಿರಬಹುದು. ಅಲ್ಲಿ ಠೇವಣಿ ಇಟ್ಟವರು ಓನರ್, ಇಟ್ಟದ್ದು ಹಣವನ್ನಲ್ಲ, ಮನೆಯ ಮೂಲ ಪತ್ರಗಳನ್ನು. ಗೃಹಸಾಲ ಪಡೆಯುವಾಗ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಡುವುದೇ ಅಡಮಾನ. ಅದೇ 58ನೇ ಕಲಮು ಇದನ್ನೂ ವಿವರಿಸುತ್ತದೆ. ಓನರ್ ಕಂತು ಕಟ್ಟುವುದನ್ನು ನಿಲ್ಲಿಸಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಕ್ರಮ ಶುರು ಮಾಡಬಹುದು. ಬಾಗಿಲಿಗೆ ನೋಟಿಸ್ ಅಂಟಿಸಿದ ದಿನವೇ ಲೀಸಿನವರಿಗೆ ಮನೆಯ ಮೇಲೆ ಸಾಲವಿತ್ತು ಎಂದು ಗೊತ್ತಾಗುವುದು. ಒಳಗಿರುವವರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು, ಅದಕ್ಕೆ ಅವಕಾಶ ಇದೆ. ಆದರೆ ನೋಂದಣಿಯಾಗದ ಕರಾರನ್ನು ನೆಚ್ಚಿದ ಬಾಡಿಗೆದಾರರಿಗೆ ಇಂಥ ಸಂದರ್ಭದಲ್ಲಿ ಸಿಗುವ ರಕ್ಷಣೆ ಅಲ್ಪ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನ ಬಾಕಿ ಮೊದಲು ತೀರಬೇಕು. ನಿಮ್ಮ 15 ಲಕ್ಷಕ್ಕೆ ಓನರನ್ನು ಹುಡುಕಿಕೊಂಡು ಹೋಗಬೇಕು.

ಇತ್ತೀಚೆಗೆ ನಗರದಲ್ಲಿ ಮಧ್ಯವರ್ತಿ ಕಂಪನಿಗಳ ಹಾವಳಿಯೂ ಸೇರಿಕೊಂಡಿದೆ. ಓನರಿಗೆ ತಿಂಗಳ ಬಾಡಿಗೆ ಕೊಡುವುದಾಗಿ ಮಾತಾಡಿ, ಒಳಗೆ ಬರುವವರಿಂದ ಲಕ್ಷಗಟ್ಟಲೆ ಲೀಸ್ ಹಣ ಪಡೆಯುತ್ತಾರೆ. ಕೆಲವು ತಿಂಗಳು ಬಾಡಿಗೆ ಸಂದಾಯವಾಗಿ ನಿಂತುಹೋದಾಗ ಓನರ್ ಬಂದು ಮನೆ ಖಾಲಿ ಮಾಡಿ ಎನ್ನುತ್ತಾರೆ. ನಿಮ್ಮ ಹಣವೇ ತಮಗೆ ಬಂದಿಲ್ಲ ಎನ್ನುವ ಅವರ ಮಾತು ನಿಜವೂ ಆಗಿರುತ್ತದೆ. ಇದು ನೆನೆದರೆ ನನಗೆ ಸಂಕಟವಾಗುತ್ತದೆ. ಊರಿನ ಜಮೀನು ಮಾರಿದ ಹಣವನ್ನು, ಇಡೀ ಸೇವಾವಧಿಯ ಗ್ರಾಚ್ಯುಟಿಯನ್ನು ಹೀಗೆ ಕಳೆದುಕೊಂಡವರ ಮುಂದೆ ಕಾನೂನಿನ ಕಲಮುಗಳನ್ನು ಹೇಳುವುದು ಸುಲಭದ ಕೆಲಸವಲ್ಲ. ಲೀಸ್ ಹಣ ಹೋಗಬೇಕಾದದ್ದು ಮಾಲೀಕರ ಖಾತೆಗೆ, ಸಹಿ ಹಾಕಬೇಕಾದವರು ಮಾಲೀಕರು. ಇದರಲ್ಲಿ ರಾಜಿ ಮಾಡಿಕೊಳ್ಳಲೇಬಾರದು.

ನಿಮ್ಮ ವಿಷಯದಲ್ಲಿ ಈಗ ಮಾಡಬೇಕಾದದ್ದು ಹೀಗೆ. ಕರಾರು ಮುಗಿಯುವ ಮುನ್ನವೇ, ಇಂಥ ದಿನ ಮನೆ ಬಿಡುತ್ತೇವೆ, ಅದೇ ದಿನ ಹಣ ಬೇಕು ಎಂದು ಬರವಣಿಗೆಯಲ್ಲಿ ತಿಳಿಸಿ, ಸ್ಪೀಡ್ ಪೋಸ್ಟಿನಲ್ಲೂ ವಾಟ್ಸ್ಆ್ಯಪಿನಲ್ಲೂ ಕಳಿಸಿ. ಬೀಗದ ಕೈ ಒಪ್ಪಿಸುವುದೂ ಹಣ ನಿಮ್ಮ ಖಾತೆಗೆ ಬರುವುದೂ ಒಂದೇ ಹೊತ್ತಿಗೆ ಆಗಲಿ. ‘ಬೇರೆಯವರು ಬಂದ ಮೇಲೆ’ ಎಂಬುದು ಓನರ್ ತಮ್ಮ ಅನುಕೂಲಕ್ಕೆ ಹೇಳುವ ಮಾತು. ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ ಅದಕ್ಕೆ ನೀವು ಬದ್ಧರಲ್ಲ. ಆದರೂ ಮನೆ ತೋರಿಸಲು ಅಡ್ಡಿ ಮಾಡಬೇಡಿ, ಹೊಸಬರು ಬೇಗ ಸಿಕ್ಕರೆ ನಿಮಗೂ ಒಳ್ಳೆಯದೇ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ. ಹಕ್ಕುಪತ್ರ ಠೇವಣಿಯನ್ನು ನೋಂದಣಿ ಮಾಡಿಸಿದ್ದರೆ ಅಲ್ಲಿ ಕಾಣುತ್ತದೆ. ನೋಂದಣಿ ಮಾಡಿಸದ ಅಡಮಾನವೂ ಇರಬಹುದಾದ್ದರಿಂದ ಸೆರ್ಸಾಯ್ ಎಂಬ ಕೇಂದ್ರೀಯ ಅಡಮಾನ ನೋಂದಣಿಯ ಜಾಲತಾಣದಲ್ಲಿ ಶುಲ್ಕ ಕಟ್ಟಿ ಹುಡುಕಿ. ಸಾಲ ಇರುವುದು ಕಂಡರೆ, ನೀವು ಮನೆ ಬಿಡುವ ದಿನವನ್ನು ಮುಂದೂಡುವುದಕ್ಕಿಂತ ವಕೀಲರ ನೋಟಿಸ್ ಕೊಡಿಸುವುದು ತುರ್ತು.

ಹಣ ಬಾರದೆಯೇ ಮನೆ ಬಿಡಬೇಕಾಗಿ ಬಂದರೆ ಓನರಿಂದ ಬಾಕಿಯ ಮೊತ್ತ, ಕೊಡುವ ದಿನಾಂಕ, ತಡವಾದರೆ ಬಡ್ಡಿ ಎಷ್ಟು ಎಂಬುದನ್ನೆಲ್ಲ ಬರೆಸಿಕೊಂಡು ಸಹಿ ಪಡೆಯಿರಿ. ಮುಂದಿನ ದಿನಾಂಕದ ಚೆಕ್ ಪಡೆದರೆ ಇನ್ನೂ ಒಳ್ಳೆಯದು. ಕೇಳಿದಾಗ ಕೊಡಬೇಕಾದ ಠೇವಣಿಗೆ ದಾವೆಯ ಅವಧಿ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನೀವು ಹಣ ಕೇಳಿದ ದಿನದಿಂದ ಮೂರು ವರ್ಷ. ಕೇಳಿದಾಗ ಕೊಡಬೇಕಾದ ಸಾಲಕ್ಕಾದರೆ ಸಾಲ ಕೊಟ್ಟ ದಿನದಿಂದಲೇ ಲೆಕ್ಕ. ನಿಮ್ಮದು ಕರಾರಿನ ದಿನಾಂಕ ಇರುವ ಹಣವಾದ್ದರಿಂದ ಮನೆ ಬಿಡಬೇಕಿದ್ದ ದಿನದಿಂದಲೇ ಮೂರು ವರ್ಷ ಎಣಿಸಿಕೊಳ್ಳುವುದು ಕ್ಷೇಮ. ‘ಇಂದು ನಾಳೆ’ ಎಂಬ ಸಬೂಬಿನಲ್ಲಿ ಆ ಅವಧಿ ಕಳೆದುಹೋಗಲು ಬಿಡಬೇಡಿ. ಪೊಲೀಸರ ಬಳಿ ಹೋದರೆ ಇದು ಸಿವಿಲ್ ವ್ಯಾಜ್ಯ ಎಂದು ಸಾಮಾನ್ಯವಾಗಿ ಕಳಿಸಿಬಿಡುತ್ತಾರೆ. ಒಂದೇ ಮನೆಯನ್ನು ಇಬ್ಬರಿಗೆ ಲೀಸಿಗೆ ಕೊಟ್ಟಿದ್ದಾರೆ, ಅಡಮಾನವನ್ನು ಮುಚ್ಚಿಟ್ಟು ಹಣ ಪಡೆದಿದ್ದಾರೆ ಎಂಬಂಥ ವಂಚನೆಯ ದಾಖಲೆ ಇದ್ದರೆ ಮಾತ್ರ ಬೇರೆ ಮಾತು.

ತಿಂಗಳ ಬಾಡಿಗೆಯ ಮನೆಗೆ ಕೊಡುವ ಅಡ್ವಾನ್ಸ್ ಕೂಡ ಇದೇ ಜಾತಿಯ, ಬಡ್ಡಿಯಿಲ್ಲದ ಸಾಲ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಎಂಬುದು ಬೆಂಗಳೂರಿನ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಭದ್ರತಾ ಠೇವಣಿ ಪಡೆಯಬಾರದು ಎಂದಿದೆ. ಅದನ್ನು ತೋರಿಸಿ ವಾದ ಮಾಡುವವರು ಗಮನಿಸಬೇಕಾದದ್ದು: ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ರಾಜ್ಯ ತನ್ನದಾಗಿ ಜಾರಿಗೆ ತರದೆ ಅದಕ್ಕೆ ಬಲವಿಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದು ಆ ಬಾಡಿಗೆಗೆ ಒಂದು ಕೋಣೆಯೂ ಸಿಗುವುದು ಕಷ್ಟ. ಹೀಗಾಗಿ ಅಡ್ವಾನ್ಸಿನ ವಿಷಯದಲ್ಲಿ ಕರಾರಿನಲ್ಲಿ ಏನು ಬರೆದಿದೆಯೋ ಅದೇ ಕಾನೂನು ಎಂದು ತಿಳಿಯಿರಿ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿಯ ವಾಡಿಕೆ. ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ಬರೆಸಿಕೊಳ್ಳಿ. ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ವಿಡಿಯೊ ತೆಗೆದು ಓನರಿಗೆ ಕಳಿಸಿ.

ಬ್ಯಾಂಕಿನ ಹಣದ ಕಥೆ ಬೇರೆ, ಏಕೆಂದರೆ ಅಲ್ಲಿ ಸಾಲಗಾರನ ಹಿಂದೆ ಇನ್ನೊಬ್ಬ ಹೊಣೆಗಾರ ನಿಂತಿದ್ದಾನೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ನಿಗಮವು ಪ್ರತಿ ಠೇವಣಿದಾರರಿಗೆ ಪ್ರತಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆ ಕೊಡುತ್ತದೆ. ಈ ವ್ಯವಸ್ಥೆ 1962ರಲ್ಲಿ ಶುರುವಾದಾಗ ಮಿತಿ ಇದ್ದದ್ದು 1,500 ರೂಪಾಯಿ. 1993ರಿಂದ 1 ಲಕ್ಷ ಇತ್ತು, 2020ರ ಫೆಬ್ರುವರಿ 4ರಿಂದ 5 ಲಕ್ಷವಾಯಿತು. ಇದರ ಕಂತನ್ನು ಬ್ಯಾಂಕೇ ಕಟ್ಟಬೇಕು, ನಿಮ್ಮಿಂದ ವಸೂಲು ಮಾಡುವಂತಿಲ್ಲ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ಗಮನಿಸಿ: 5 ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿದವು. ಒಂದೇ ಬ್ಯಾಂಕಿನ ಮಲ್ಲೇಶ್ವರ ಶಾಖೆಯಲ್ಲಿ ಒಂದು, ಜಯನಗರ ಶಾಖೆಯಲ್ಲಿ ಒಂದು ಎಫ್‌ಡಿ ಬಾಂಡ್ ಇಟ್ಟರೂ ಲೆಕ್ಕಕ್ಕೆ ಎರಡೂ ಒಟ್ಟಿಗೇ ಸೇರುತ್ತವೆ. ನಿಮ್ಮ 7 ಲಕ್ಷ ಒಬ್ಬರ ಹೆಸರಿನಲ್ಲೇ ಇದ್ದರೆ ಅದರಲ್ಲಿ 2 ಲಕ್ಷ, ಜೊತೆಗೆ ಬಡ್ಡಿ, ವಿಮೆಯ ಹೊರಗಿದೆ.

ಇದು ಕಾಗದದ ಮೇಲಿನ ಭಯವಲ್ಲ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು 35 ಸಾವಿರ ರೂಪಾಯಿ ಮಾತ್ರ. ಅವರಲ್ಲಿ ಬಡ್ಡಿಯಿಂದಲೇ ಔಷಧಿ, ದಿನಸಿ ನಡೆಸುತ್ತಿದ್ದ ಹಿರಿಯರು ಬಹಳ. 5 ಲಕ್ಷ ಮೀರಿ ಇಟ್ಟವರ ಹೋರಾಟ ವರ್ಷಗಟ್ಟಲೆ ಎಳೆಯಿತು. ಇಂಥ ಅನುಭವಗಳ ನಂತರ 2021ರಲ್ಲಿ ಕಾನೂನು ತಿದ್ದುಪಡಿಯಾಗಿ, ಬ್ಯಾಂಕಿನ ವ್ಯವಹಾರಕ್ಕೆ ಹೀಗೆ ತಡೆ ಬಿದ್ದರೆ ವಿಮೆಯ ಹಣವನ್ನು 90 ದಿನಗಳಲ್ಲಿ ಕೊಡಬೇಕೆಂಬ ನಿಯಮ ಬಂದಿದೆ. ಮೊದಲು ಬ್ಯಾಂಕು ಪೂರ್ತಿ ಮುಚ್ಚಿ ಸಮಾಪನೆಗೆ ಹೋಗುವವರೆಗೆ ಕಾಯಬೇಕಿತ್ತು. ನನ್ನ ಸಲಹೆ: ಎಫ್‌ಡಿ ಅವಧಿ ಮುಗಿದಾಗ 4 ಲಕ್ಷವನ್ನು ಅಲ್ಲೇ ಉಳಿಸಿ, ಮಿಕ್ಕದ್ದನ್ನು ಬೇರೆ ಬ್ಯಾಂಕಿಗೆ ಸಾಗಿಸಿ. ನಿಮ್ಮಿಬ್ಬರ ಜಂಟಿ ಖಾತೆಯನ್ನೂ ಯಜಮಾನರ ಒಂಟಿ ಖಾತೆಯನ್ನೂ ವಿಮೆ ಬೇರೆಬೇರೆಯಾಗಿ ಎಣಿಸುತ್ತದೆ, ಆ ದಾರಿಯೂ ಇದೆ.

ಸೊಸೈಟಿಯ 4 ಲಕ್ಷದ ಬಗ್ಗೆ ನನಗೆ ಹೆಚ್ಚು ಕಳವಳ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಮುಂತಾದವುಗಳಿಗೆ ಈ ವಿಮೆ ಇಲ್ಲವೇ ಇಲ್ಲ. ಅವು 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ಬರುತ್ತವೆ, ಬ್ಯಾಂಕಿಂಗ್ ಪರವಾನಗಿ ಅವಕ್ಕಿರುವುದಿಲ್ಲ. ಕೌಂಟರ್, ಪಾಸ್‌ಬುಕ್, ಸಮವಸ್ತ್ರ ತೊಟ್ಟ ಸಿಬ್ಬಂದಿ ಎಲ್ಲ ಬ್ಯಾಂಕಿನಂತೆಯೇ ಇರುವುದರಿಂದ ಜನ ವ್ಯತ್ಯಾಸ ಕಾಣುವುದಿಲ್ಲ. ಇಂಥ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಪದ ಬಳಸುವಂತಿಲ್ಲ ಎಂದೂ, ಸದಸ್ಯರಲ್ಲದವರಿಂದ ಮತ್ತು ನಾಮಮಾತ್ರ ಸದಸ್ಯರಿಂದ ಠೇವಣಿ ಪಡೆಯುವುದು ಪರವಾನಗಿಯಿಲ್ಲದ ಬ್ಯಾಂಕಿಂಗ್ ಎಂದೂ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಹಾಗೆಂದು ಎಲ್ಲ ಸೊಸೈಟಿಗಳೂ ಕೆಟ್ಟವಲ್ಲ. ದಶಕಗಳಿಂದ ಅಚ್ಚುಕಟ್ಟಾಗಿ ನಡೆದು ಬಂದವು ನಮ್ಮಲ್ಲಿ ಬೇಕಾದಷ್ಟಿವೆ, ಬ್ಯಾಂಕುಗಳು ಬಾಗಿಲು ತೆರೆಯದ ಬಡವರಿಗೆ ಸಾಲ ಕೊಟ್ಟಿವೆ. ಆದರೆ ಅಲ್ಲಿ ನಿಮ್ಮ ಹಣದ ಭದ್ರತೆ ಆಡಳಿತ ಮಂಡಳಿಯ ಪ್ರಾಮಾಣಿಕತೆ, ಸಾಲ ವಸೂಲಾತಿ ಇವೆರಡರ ಮೇಲೆಯೇ ನಿಂತಿದೆ. ನೀವು ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನಾ ವರದಿ ಕೇಳಿ ಪಡೆಯಿರಿ, ಅದರಲ್ಲಿ ವಸೂಲಾಗದ ಸಾಲ ಎಷ್ಟಿದೆ ನೋಡಿ. ಬ್ಯಾಂಕುಗಳಿಗಿಂತ ಮೂರು ನಾಲ್ಕು ಶೇಕಡಾ ಹೆಚ್ಚು ಬಡ್ಡಿ ಕೊಡುತ್ತಿದ್ದರೆ, ಆ ಬಡ್ಡಿ ದುಡಿಯಲು ಅವರು ಯಾರಿಗೆ ಎಷ್ಟಕ್ಕೆ ಸಾಲ ಕೊಡುತ್ತಿರಬೇಕು ಎಂದು ಯೋಚಿಸಿ. ನಿವೃತ್ತಿಯ ಹಣವಾದ್ದರಿಂದ ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿ ಸಾಲಗಾರ ಕೇಂದ್ರ ಸರ್ಕಾರ, 30 ಲಕ್ಷದವರೆಗೆ ಇಡಬಹುದು.

ಠೇವಣಿ ಎಂಬ ಮಾತನ್ನೇ ಜಾಣತನದಿಂದ ಬಿಟ್ಟು ಹಣ ಸಂಗ್ರಹಿಸುವವರೂ ಇದ್ದಾರೆ. ಜನರಿಂದ ಹಣ ಸಂಗ್ರಹಿಸುತ್ತಿದ್ದ ಶಿವಾಜಿನಗರದ ಐಎಂಎ (ಐ ಮಾನಿಟರಿ ಅಡ್ವೈಸರಿ) ಸಂಸ್ಥೆ 2019ರಲ್ಲಿ ಕುಸಿದಾಗ, ಸಾವಿರಾರು ಜನರ ಕೈಯಲ್ಲಿದ್ದ ಕಾಗದಗಳಲ್ಲಿ ಅವರು ಠೇವಣಿದಾರರಾಗಿರಲಿಲ್ಲ, ಪಾಲುದಾರರಾಗಿದ್ದರು. ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರದೇ ಒಂದು ಕಾಯ್ದೆ ಇದೆ. ಅದರಡಿ ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿ ಮಾಡಿ ವಿಶೇಷ ನ್ಯಾಯಾಲಯದ ಮೂಲಕ ಹಂಚಬಹುದು. ಕೇಂದ್ರದ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ಬಂದಿದೆ. ಆದರೆ ಜಪ್ತಿಯಾದ ಆಸ್ತಿ ಮಾರಾಟವಾಗಿ ಹಣ ಕೈಗೆ ಬರುವಷ್ಟರಲ್ಲಿ ಕಳೆಯುವ ಕಾಲ ದೊಡ್ಡದು, ಬರುವ ಪಾಲು ಚಿಕ್ಕದು.

ಒಡವೆ ಅಂಗಡಿಯ ಸ್ಕೀಮಿನಲ್ಲಿ 11 ತಿಂಗಳು ಕಟ್ಟಿ 12ನೇ ತಿಂಗಳು ಒಡವೆ ಕೊಳ್ಳಿ ಎಂದು ಹೇಳುವುದಕ್ಕೆ ಕಾರಣವಿದೆ. ಕಂಪನಿಗಳಿಗೆ ಅನ್ವಯಿಸುವ 2014ರ ಠೇವಣಿ ನಿಯಮಗಳ ಪ್ರಕಾರ, ಸರಕಿಗೆಂದು ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿಗೆ ಹೊಂದಿಸಿಬಿಟ್ಟರೆ ಅದು ಠೇವಣಿ ಎನಿಸುವುದಿಲ್ಲ. ಹಾಗಾಗಿ ನೀವು ಕಟ್ಟುತ್ತಿರುವುದು ಕಾನೂನಿನ ದೃಷ್ಟಿಯಲ್ಲಿ ಒಡವೆಗೆ ಮುಂಗಡ. ಅಂಗಡಿ ಮುಚ್ಚಿದರೆ ವಿಮೆ ಇಲ್ಲ. ಹಳೆಯ, ನಂಬಿಕಸ್ಥ ಅಂಗಡಿಯಾದರೂ ಒಂದು ಸುತ್ತಿಗಿಂತ ಹೆಚ್ಚು ಹಣ ಅಲ್ಲಿ ನಿಲ್ಲಲು ಬಿಡಬೇಡಿ.

ಬೆಸ್ಕಾಂ ಕೇಳಿರುವ ಹೆಚ್ಚುವರಿ ಭದ್ರತಾ ಠೇವಣಿ ನ್ಯಾಯವಾದದ್ದೇ. ಸರಾಸರಿ ಎರಡು ತಿಂಗಳ ಬಿಲ್ಲಿನಷ್ಟು ಮೊತ್ತ ಅವರ ಬಳಿ ಇರಬೇಕು. ಬಳಕೆ ಹೆಚ್ಚಿದರೆ ವ್ಯತ್ಯಾಸ ಕೇಳುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಮಿನಂತೆ ಈ ಹಣಕ್ಕೆ ಕನಿಷ್ಠ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದಷ್ಟು ಬಡ್ಡಿ ಕೊಡಬೇಕು, ಅದು ಬಿಲ್ಲಿನಲ್ಲಿ ಜಮೆಯಾಗುತ್ತದೆ. ನಿಮ್ಮ ಓನರಿಗೆ ಹೋಲಿಸಿದರೆ ಬೆಸ್ಕಾಂ ಹೆಚ್ಚು ಶಿಸ್ತಿನ ಸಾಲಗಾರ. ತೊಡಕಿರುವುದು ಬೇರೆ ಕಡೆ. ವಿದ್ಯುತ್ ಸಂಪರ್ಕದ ಗುರುತಾದ ಆರ್‌.ಆರ್. ಸಂಖ್ಯೆ ಓನರ ಹೆಸರಿನಲ್ಲಿರುತ್ತದೆ, ಕಟ್ಟುವವರು ನೀವು. ನಾಳೆ ನೀವು ಮನೆ ಬಿಟ್ಟಾಗ ಆ ಠೇವಣಿ ಮೀಟರಿನ ಜೊತೆ ಉಳಿಯುತ್ತದೆ, ಬಡ್ಡಿಯ ಪ್ರಯೋಜನ ಮುಂದೆ ಬರುವವರಿಗೆ. ಬಿಲ್ಲಿನ ಪ್ರತಿ ಇಟ್ಟುಕೊಂಡು ಲೀಸ್ ಹಣದ ಜೊತೆ ಅದನ್ನೂ ಸೇರಿಸಿ ಕೇಳಿ. ಮೊತ್ತ ಸಣ್ಣದಿರಬಹುದು, ಆದರೆ ಹಣ ನಿಮ್ಮದು.

ಅಡುಗೆ ಅನಿಲದ ಸಂಪರ್ಕವೂ ಹೀಗೆಯೇ ವಾಪಸು ಬರುವ ಠೇವಣಿ, ಬಡ್ಡಿ ಇಲ್ಲ. 2022ರ ಜೂನ್‌ನಲ್ಲಿ 14.2 ಕಿಲೊ ಸಿಲಿಂಡರಿನ ಠೇವಣಿ 1,450ರಿಂದ 2,200 ರೂಪಾಯಿಗೆ ಏರಿತು. ಹಳೆಯ ಸಂಪರ್ಕ ಒಪ್ಪಿಸಿದರೆ ನಿಮ್ಮ ಚೀಟಿಯಲ್ಲಿ ಬರೆದಿರುವ ಹಳೆಯ ಮೊತ್ತವೇ ಸಿಗುವುದು. ಆ ಚೀಟಿ ಕಳೆಯಬೇಡಿ.

ಫ್ಲ್ಯಾಟಿನ ಬುಕಿಂಗ್ ಹಣದ ಸ್ವಭಾವ ಬೇರೆ. ಅದು ನಿಮ್ಮ ಮಾತಿಗೆ ಇಟ್ಟ ಒತ್ತೆ; ಕಾರಣವಿಲ್ಲದೆ ಹಿಂದೆ ಸರಿದರೆ ಕಳೆದುಕೊಳ್ಳಬೇಕಾಗಬಹುದು. ಚುನಾವಣೆಯ ಇಡುಗಂಟು ಈ ಬಗೆಯದು: ವಿಧಾನಸಭೆಗೆ 10 ಸಾವಿರ, ಲೋಕಸಭೆಗೆ 25 ಸಾವಿರ ಕಟ್ಟಿ, ಸೋತ ಅಭ್ಯರ್ಥಿ ಸಿಂಧು ಮತಗಳಲ್ಲಿ ಆರನೇ ಒಂದು ಭಾಗವನ್ನು ದಾಟದಿದ್ದರೆ ಹೋಯಿತು. ಬಿಲ್ಡರ್ ಕೇಳುವ ಶೇ 20ನ್ನು ಕೊಡಬೇಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 13ನೇ ಕಲಮಿನ ಪ್ರಕಾರ ಮಾರಾಟದ ಕರಾರು ಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹಾಗೆ ಕೇಳುವುದೇ ಆ ಬಿಲ್ಡರ್ ಬಗ್ಗೆ ನಿಮಗೆ ಬೇಕಾದಷ್ಟು ಹೇಳುತ್ತದೆ. ಯೋಜನೆಯ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಪರಿಶೀಲಿಸಿ. ಇನ್ನೊಂದು ಮಾತು: ಲೀಸಿನ ಹಣ ಖಾತೆಗೆ ಬಂದ ಮೇಲೆಯೇ ಬುಕಿಂಗ್. ಒಬ್ಬ ಸಾಲಗಾರ ಕೊಡುವ ಭರವಸೆಯ ಮೇಲೆ ಇನ್ನೊಬ್ಬನಿಗೆ ಒತ್ತೆ ಇಟ್ಟರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ.

ನಿಮ್ಮ ಅತ್ತೆಯವರ ಪಾಸ್‌ಬುಕ್ ನೋಡಿ ನನಗೆ ಸಂತೋಷವಾಯಿತು. ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದು ಉಡುಪಿಯಲ್ಲಿ. ದಿನಕ್ಕೆ ಎರಡಾಣೆಯನ್ನಾದರೂ ಉಳಿಸಲಿ ಎಂದು 1928ರಲ್ಲಿ ಮನೆಮನೆಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದ ಬ್ಯಾಂಕ್ ಅದು. ಇಂದಿಗೂ ನಮ್ಮ ಮಾರುಕಟ್ಟೆಗಳಲ್ಲಿ ಸಂಜೆಯ ಹೊತ್ತು ಪಿಗ್ಮಿ ಕಟ್ಟಿಸಿಕೊಳ್ಳುವವರು ಅಂಗಡಿಯಿಂದ ಅಂಗಡಿಗೆ ಹೋಗುವುದನ್ನು ಕಾಣುತ್ತೀರಿ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹೊಣೆಯೂ ಅದರ ಜೊತೆಗೇ ಹೋಯಿತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತವೆ. ಇದರಿಂದ ವಾರಸುದಾರರ ಹಕ್ಕು ಹೋಗುವುದಿಲ್ಲ, ಎಷ್ಟು ತಡವಾದರೂ ಕೇಳಬಹುದು. ರಿಸರ್ವ್ ಬ್ಯಾಂಕ್ 2023ರಲ್ಲಿ ತೆರೆದ ‘ಉದ್ಗಮ್’ ಜಾಲತಾಣದಲ್ಲಿ ಅತ್ತೆಯವರ ಹೆಸರು ಹಾಕಿ ಹುಡುಕಿ. ಹೆಸರಿನ ಕಾಗುಣಿತ ಹಳೆಯ ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ನಂತರ ಒಂದೆರಡು ಬೇರೆ ರೀತಿಯಲ್ಲೂ ಪ್ರಯತ್ನಿಸಿ. ಸಿಗಲಿ ಸಿಗದಿರಲಿ, ಪಾಸ್‌ಬುಕ್, ಮರಣ ಪ್ರಮಾಣಪತ್ರ, ಯಜಮಾನರು ಅವರ ಮಗ ಎಂದು ತೋರಿಸುವ ದಾಖಲೆ ಇಷ್ಟನ್ನು ತೆಗೆದುಕೊಂಡು ಹತ್ತಿರದ ಕೆನರಾ ಬ್ಯಾಂಕ್ ಶಾಖೆಗೆ ಹೋಗಿ. ನಾಮನಿರ್ದೇಶನ ಇದ್ದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಯಜಮಾನರ ಅಣ್ಣತಮ್ಮಂದಿರು, ಅಕ್ಕತಂಗಿಯರ ಒಪ್ಪಿಗೆಯ ಸಹಿಯನ್ನೂ ಕೇಳಬಹುದು. ಆ ಪಾಸ್‌ಬುಕ್ ಕೌಂಟರಿನಲ್ಲಿ ಒಪ್ಪಿಸುವ ಮೊದಲು ಎಲ್ಲ ಪುಟಗಳ ಪ್ರತಿ ತೆಗೆಸಿ, ಅರ್ಜಿಗೆ ಮುದ್ರೆ ಹಾಕಿದ ಸ್ವೀಕೃತಿ ಪಡೆಯಿರಿ.